ಕೊನೆಯ ಅಧ್ಯಾಯ ಹೊಲಿದಿಡುತ್ತಿದ್ದ ಕಾಕು

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ಅವರ ಕುಪ್ಪಸದ ಎಡ ಹೆಗಲಿನ ಮೇಲೆ ಯಾವಾಗಲೂ ಒಂದು ಸೂಜಿ ಚುಚ್ಚಿರುತ್ತಿತ್ತು. ಅದಕ್ಕೆ ಪೋಣಿಸಿದ ಗೇಣುದ್ದದ ಕೆಂಪು ದಾರ, ಅವರು ನಡೆದಾಡಿದಾಗಲೆಲ್ಲ ಮಾಸಲು ಸೀರೆಯ ಮೇಲೆ ಅಲುಗಾಡುತ್ತಿತ್ತು. ಓಣಿಗೆ ಹೊಸದಾಗಿ ಬಂದವರು ಇವರಿಗೆ ಹೊಲಿಗೆ ಬರುತ್ತದೆ ಎಂದುಕೊಂಡು ಗುಂಡಿ ಕಿತ್ತ ಅಂಗಿ ಹಿಡಿದು ಬರುತ್ತಿದ್ದರು. "ಅದನ್ನ ನಿಮ್ಮ ಮನ್ಯಾಗ ಹಚ್ಚಿಕೋರಿ, ಈ ಸೂಜಿಗೆ ಬ್ಯಾರೆ ಕೆಲಸ ಅದ" ಎಂದು ಕಾಕು ಬಾಗಿಲಿನಿಂದಲೇ ತಿರುಗಿ ಕಳಿಸುತ್ತಿದ್ದರು.

ಆ ಬೇರೆ ಕೆಲಸವೆಂದರೆ ಪತ್ತೇದಾರಿ ಕಾದಂಬರಿಗಳ ಕೊನೆಯ ಅಧ್ಯಾಯವನ್ನು ಹೊಲಿದು ಮುಚ್ಚುವುದು.

ಇಂಡಿ ಊರಿನ ಕಾಕು ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಕಪಾಟಿತ್ತು. ಕೆಳಗಿನ ಎರಡು ಖಾನೆಗಳಲ್ಲಿ ತೀರಿಹೋದ ಅವರ ಯಜಮಾನರ ವಕೀಲಿ ಪುಸ್ತಕಗಳು. ಮೇಲಿನ ಖಾನೆಗಳಲ್ಲೆಲ್ಲ ಖೂನಿ. ಕನ್ನಡದ ಖೂನಿ, ಮರಾಠಿ ಖೂನಿ, ಸೋಲಾಪುರದ ಸ್ಟೇಶನ್ನಿನಲ್ಲಿ ಕೊಂಡ ಒಂದಿಷ್ಟು ಇಂಗ್ಲಿಷ್ ಖೂನಿ. ಹೊಸ ಪುಸ್ತಕ ಮನೆಗೆ ಬಂದ ಕೂಡಲೇ ಕಾಕು ಕಣ್ಣು ಅರೆಮುಚ್ಚಿಕೊಂಡು ಕೊನೆಯ ಅಧ್ಯಾಯ ಎಲ್ಲಿ ಶುರುವಾಗುತ್ತದೆಂದು ಹುಡುಕಿ, ಆ ಹಾಳೆಗಳನ್ನು ಒಟ್ಟಿಗೆ ಹಿಡಿದು ಅಂಚಿನಲ್ಲಿ ಸರಸರ ಹೊಲಿದುಬಿಡುತ್ತಿದ್ದರು. ಯಾರೇ ಓದಲು ಒಯ್ದರೂ ಹೊಲಿಗೆಯವರೆಗೆ ಓದಿ ವಾಪಸು ಬರಬೇಕು, ತೂಗುಮಂಚದ ಮೇಲೆ ಕೂತು ಯಾರ ಮೇಲೆ ಸಂಶಯ, ಯಾಕೆ ಸಂಶಯ ಎಂದು ಹೇಳಬೇಕು. ಆಮೇಲೆ ಕತ್ತರಿ ಸಿಗುತ್ತಿತ್ತು.

ಅವರಿಗೂ ಅದೇ ನಿಯಮ. ತಮ್ಮ ಊಹೆ ನಿಜವಾದರೆ ಕಾಕು ಮುಖ ಸಪ್ಪಗೆ ಮಾಡಿಕೊಂಡು "ಪುಕ್ಕಟ ಪುಸ್ತಕ" ಎಂದು ಕಪಾಟಿನ ಮೂಲೆಗೆ ತಳ್ಳುತ್ತಿದ್ದರು. ತಪ್ಪಾದರೆ ತೊಡೆ ತಟ್ಟಿ ಏಳುತ್ತಿದ್ದರು. "ತಪ್ಪಾತು! ಪೂರಾ ತಪ್ಪಾತು! ನಡೀರಿ, ಶಿರಾ ಮಾಡೂಣು." ತಾನು ಸೋತಿದ್ದಕ್ಕೆ ರವೆ ಹುರಿದು ತುಪ್ಪ ಸುರಿಯುವ ಇನ್ನೊಬ್ಬರನ್ನು ನಾನು ಈ ಆಯುಷ್ಯದಲ್ಲಿ ಕಂಡಿಲ್ಲ.

ನಾನು ಬೆಳಗಾವಿಯ ಕಾನ್ವೆಂಟ್‌ನಲ್ಲಿ ಓದಿದವಳು. ಗಂಡ ತೀರಿಕೊಂಡ ಮೇಲೆ ಇಂಡಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿ, ತೊಂಬತ್ತರ ದಶಕದ ನಡುವಿನಲ್ಲಿ ಕಾಕು ಮನೆಯ ಹಿತ್ತಲ ಕಡೆಯ ಎರಡು ಖೋಲಿಗೆ ಬಾಡಿಗೆಗೆ ಬಂದೆ. ಟೀಚರಮ್ಮನನ್ನು ಅಕ್ಕಾರು ಎನ್ನುವ ಓಣಿಗೆ ನಾನು "ಇಂಗ್ಲಿಷ್ ಅಕ್ಕಾರು". ಕಾಕುಗೆ ಮಾತ್ರ, ನಲವತ್ತು ದಾಟಿದ್ದರೂ, "ಏ ಹುಡುಗಿ". ಮೊದಲ ದಿನವೇ ಕಪಾಟಿನ ಮುಂದೆ ನಿಂತು ನಾನೊಂದು ಮಾತು ಆಡಿಬಿಟ್ಟೆ. ಪತ್ತೇದಾರಿ ಪುಸ್ತಕದ ಕೊನೆಯನ್ನು ಮೊದಲು ಓದುವುದು ನಮ್ಮ ಪದ್ಧತಿ, ಏಕೆಂದರೆ ಡೆಸ್ಕಿನ ಕೆಳಗೆ ಬಚ್ಚಿಟ್ಟ ಪುಸ್ತಕವನ್ನು ಸಿಸ್ಟರ್ ಯಾವ ಕ್ಷಣದಲ್ಲಿ ಕಸಿದುಕೊಳ್ಳುತ್ತಾರೋ ಗೊತ್ತಿಲ್ಲ, ಎಂದೆ.

ಕಾಕು ಕನ್ನಡಕದ ಮೇಲಿಂದ ನೋಡಿದರು. "ಅಂದ್ರ ನೀ ಇಷ್ಟ ದಿನಾ ಕಥಿ ಓದಿಲ್ಲವ್ವಾ. ಬರೇ ಪಂಚನಾಮಾ ಓದೀದಿ."

ಅಲ್ಲಿಂದ ನಮ್ಮ ಸ್ನೇಹ.

ಆ ವರ್ಷ ಟೀವಿಯಲ್ಲಿ ವಾರಕ್ಕೊಮ್ಮೆ ಸಂಜೆ ಒಂದು ಪತ್ತೇದಾರಿ ಮಾಲಿಕೆ ಬರುತ್ತಿತ್ತು. ವಿಲಾಯತಿಯ ಹಳೆಯ ಕಾದಂಬರಿಗಳನ್ನು ಎತ್ತಿ, ನಮ್ಮ ದೇಶದ ಗುಡ್ಡದೂರಿನ ಬಂಗಲೆಗಳಿಗೆ ತಂದು ಹಿಂದಿಯಲ್ಲಿ ಮಾಡಿದ್ದರು. ಓಣಿಯಲ್ಲಿ ದೊಡ್ಡ ಕಲರ್ ಟೀವಿ ಇದ್ದದ್ದು ಕಾಕು ಮನೆಯಲ್ಲಿ. ಮರದ ಪೆಟ್ಟಿಗೆಯೊಳಗೆ ಕೂಡಿಸಿದ್ದ ಅದಕ್ಕೆ ಅಂಗಡಿಯ ಹಾಗೆ ಸರಿಸುವ ಶಟರ್ ಇತ್ತು. ಮಾಲಿಕೆಯ ಬಾಜಾ ಶುರುವಾದರೆ ಸಾಕು, ಅಕ್ಕಪಕ್ಕದ ಮನೆಗಳು ಬಾಗಿಲು ಮುಂದೆ ಮಾಡಿಕೊಂಡು ಓಡಿಬರುತ್ತಿದ್ದವು. ಪಕ್ಕದ ಮನೆಯ ಲಿಂಬೆಹಣ್ಣಿನ ವ್ಯಾಪಾರದ ಸಾವ್ಕಾರರು, ಅವರ ತಾಯಿ ಸಾವ್ಕಾರ್ತಿ, ಸಾವ್ಕಾರರ ಹೆಂಡತಿ, ಎದುರು ಮನೆಯ ಬಸ್ ಕಂಡಕ್ಟರ್, ಮಕ್ಕಳುಮರಿ, ಎಲ್ಲರೂ ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು.

ಕಾಕು ನೋಡುತ್ತಿದ್ದರು, ಬೈಯುತ್ತಿದ್ದರು, ಮತ್ತೆ ನೋಡುತ್ತಿದ್ದರು. "ಪುಸ್ತಕದಾಗ ಖೂನಿ ಮಾಡಿದವಗ ಮಾರೀ ಇರೂದಿಲ್ಲ, ಹುಡುಗಿ. ನಾವ ಒಂದು ಮಾರಿ ಹಚ್ಚತೀವಿ. ತಪ್ಪಿತು ಅಂದ್ರ ತಗದು ಇನ್ನೊಬ್ಬರಿಗೆ ಹಚ್ಚತೀವಿ. ಟೀವಿಯವರು ಮೊದಲಿಗೇ ಮಾರಿ ತೋರಿಸಿಬಿಡತಾರ. ಆಮ್ಯಾಲೆ ನೀ ವಿಚಾರ ಮಾಡೂದಿಲ್ಲ. ಮಾರಿ ನೋಡಿ ನ್ಯಾಯಾ ಹೇಳತೀ."

ಮುಖ ತೋರಿಸುವ ಟೀವಿಯ ಪರ ನಾನು ವಕಾಲತ್ತು ಮಾಡುತ್ತಿದ್ದೆ. ಅಟ್ಮಾಸ್ಫಿಯರ್ ನೋಡ್ರಿ ಕಾಕು, ಕಿಟಕಿಯಾಚೆಯ ಮಂಜು, ಬಿಳಿ ಟೇಬಲ್ ಕ್ಲಾತ್, ಆ ಟೀ ಸೆಟ್, ಪುಟದ ಮೇಲೆ ನಾಲ್ಕು ಸಾಲಿನಲ್ಲಿ ಹೇಳುವುದನ್ನು ಒಂದು ನೋಟದಲ್ಲಿ ತೋರಿಸುತ್ತಾರಲ್ಲ, ಎನ್ನುತ್ತಿದ್ದೆ.

"ನಿನ್ನ ಅಟ್ಮಾಸ್ಫಿಯರ್ ಇಂಡಿ ಬಿಸಲಿಗೆ ಒಣಗಿ ಹಪ್ಪಳಾ ಆಗತದ" ಎನ್ನುತ್ತಿದ್ದರು ಕಾಕು. ಆಮೇಲೆ ದನಿ ಇಳಿಸಿ, "ನನ್ನ ಖರೆ ಸಂಕಟ ಏನು ಹೇಳಲ್ಯಾ? ಪುಸ್ತಕಾದ್ರ ತಿರುಗಿ ಹಿಂದ ಹೋಗಬಹುದು. ಬಾಗಲಾ ಯಾರು ಹಾಕಿದ್ರು, ಆಕಿ ಏನಂದಿದ್ಲು, ಹೋಗಿ ನೋಡಿಕೊಂಡು ಬರಬಹುದು. ಇದರಾಗ ಹೋದದ್ದು ಹೋತು. ಹಿಂದ ಹೋಗಲಿಕ್ಕೆ ಬರಲಾರದಂಥಾದ್ದು ನನಗ ಅಂಜಿಕಿ."

ಪತ್ತೇದಾರ ಎಲ್ಲರನ್ನೂ ಡ್ರಾಯಿಂಗ್ ರೂಮಿನಲ್ಲಿ ಕೂಡಿಸಿ, ಕೈ ಹಿಂದೆ ಕಟ್ಟಿಕೊಂಡು ತಿರುಗಾಡಲು ಶುರು ಮಾಡುತ್ತಾನೆ. ಸರಿಯಾಗಿ ಆ ಹೊತ್ತಿಗೆ ಜಾಹೀರಾತು ಬರುತ್ತದೆ. ಆಗ ಕಾಕು ಎದ್ದು ಹೋಗಿ ಟೀವಿಯ ಶಟರ್ ಎಳೆದುಬಿಡುತ್ತಿದ್ದರು.

"ಹೇಳ್ರಿ. ಯಾರು?"

ಪಡಸಾಲೆಯಲ್ಲಿ ಗದ್ದಲವೇ ಗದ್ದಲ. "ಏ ಕಾಕು, ತಗೀರಿ ಮೊದಲ! ಕರೆಂಟ್ ಹೋದ್ರ ನಿಮ್ಮ ಮ್ಯಾಲೆ ಕೇಸ್ ಹಾಕ್ತೇನಿ" ಎಂದು ಕಂಡಕ್ಟರ್ ಕೂಗುತ್ತಿದ್ದ. "ಹಾಕೋ. ಯಜಮಾನರಿಲ್ಲ, ನಾನ ವಾದಾ ಮಾಡತೀನಿ" ಎನ್ನುತ್ತಿದ್ದರು ಕಾಕು. ಎಲ್ಲರೂ ಒಂದೊಂದು ಹೆಸರು ಹೇಳಿದ ಮೇಲೆಯೇ ಶಟರ್ ಸರಿಯುತ್ತಿತ್ತು.

ಆ ಸಂಜೆಯ ಕಥೆ ನಮ್ಮಿಬ್ಬರಿಗೂ ಗೊತ್ತಿದ್ದ ಕಥೆ. ನಾನು ಇಂಗ್ಲಿಷಿನಲ್ಲಿ ಓದಿದ್ದೆ, ಕಾಕು ಮರಾಠಿಯಲ್ಲಿ. ಎರಡರಲ್ಲೂ ಕೊಂದವನು ಮನೆಯ ಯಜಮಾನನ ತಮ್ಮ. ನಾನು ಅಂದು ತಡವಾಗಿ ಬಂದೆ. ಸಾವ್ಕಾರ್ತಿ ಹಿಂದಿನ ದಿನ ಪಲ್ಯ ಕೊಟ್ಟಿದ್ದ ಬೋಗುಣಿಯನ್ನು ಮರಳಿಸಲು ಅವರ ಮನೆಗೆ ಹೋದರೆ ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಟೀವಿ ಮುಂದೆ. ಒಳಗೆ ಹೋಗಿ ಅಡಿಗೆಮನೆಯ ಕಟ್ಟೆಯ ಮೇಲೆ ಬೋಗುಣಿ ಇಟ್ಟು ಬಂದೆ. ಅಷ್ಟೇ ನಾನು ಮಾಡಿದ್ದು.

ಶಟರ್ ತೆಗೆದಾಗ ಪತ್ತೇದಾರನ ಬೆರಳು ತಮ್ಮನ ಕಡೆ ತಿರುಗಲಿಲ್ಲ. ಆ ಮನೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದಿದ್ದ, ಕೆಳಗಿನ ಖೋಲಿಯಲ್ಲಿ ಒಬ್ಬಳೇ ಇದ್ದ, ಮೆಲ್ಲಗೆ ಮಾತಾಡುವ ಟೀಚರ್ ಕಡೆ ತಿರುಗಿತು. ಯಾರೂ ಊಹಿಸಿರಲಿಲ್ಲವಾದ್ದರಿಂದ ಎಲ್ಲರೂ ಖುಷಿಯಾದರು. ಕಾಕು ಮಾತ್ರ ತೂಗುಮಂಚದಿಂದ ಇಳಿದು ನಿಂತರು.

"ಸುಳ್ಳ! ಈಕಿ ಅಲ್ಲ. ಮರಾಠಿಯವ ಊರು ಬದಲಾ ಮಾಡಿದ, ಹೆಸರು ಬದಲಾ ಮಾಡಿದ, ಖೂನಿ ಮಾಡಿದವನ್ನ ಮಾತ್ರ ಮುಟ್ಟಲಿಲ್ಲ. ಇವರು ಕಡೀಗೆ ಬಂದು ಬೆರಳು ಅಷ್ಟ ತಿರಿವ್ಯಾರ. ಆ ಹುಡುಗಿ ಮ್ಯಾಲೆ ಹೊರಸೂದಿತ್ತು ಅಂದ್ರ ಮೊದಲನೇ ಪುಟದಿಂದ ಹೊರಸಬೇಕಿತ್ತು."

"ಪುಸ್ತಕದಾಗ ಏನರ ಇರಲಿ ಬಿಡ್ರಿ ಕಾಕು," ಎಂದು ಸಾವ್ಕಾರರು ನಕ್ಕರು. "ಎಲ್ಲಾರೂ ನೋಡಿದ್ರಲ್ಲ, ಅದ ಖರೆ. ಯಾರ ಮ್ಯಾಲೆ ಸಂಶೇ ಬರೂದಿಲ್ಲೊ, ಅವರ ಮಾಡಿರ್ತಾರ."

ಕಂಡಕ್ಟರ್ ನನ್ನ ಕಡೆ ತಿರುಗಿ, "ಹಂಗಾರ ಹುಷಾರ್ ಇರ್ಬೇಕ್ರೆಪಾ, ನಮ್ಮ ಓಣ್ಯಾಗೂ ಒಬ್ಬರು ಇಂಗ್ಲಿಷ್ ಅಕ್ಕಾರು ಅದಾರ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ದಿನ ಬಿಟ್ಟು ಸಾವ್ಕಾರರ ಹೆಂಡತಿಯ ಬಂಗಾರದ ಝುಮಕಿಗಳು ಕಾಣೆಯಾದದ್ದು ಗೊತ್ತಾಯಿತು. ತವರಿನವರು ಕೊಟ್ಟದ್ದು. ಬಾಗೇವಾಡಿಯ ಒಂದು ಮದುವೆಗೆ ಹೊರಟು ಹುಡುಕಿದರೆ ಇಲ್ಲ. ಕಪಾಟು, ಹಾಸಿಗೆ, ದೇವರ ಜಗುಲಿ, ಎಲ್ಲ ತಡಕಿದರು. ಆಕೆಯ ಅಳು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಆಕೆ ಅವನ್ನು ಕಿವಿಯಿಂದ ತೆಗೆದದ್ದು ಮಾಲಿಕೆಯ ಸಂಜೆ. ಆ ಸಂಜೆ, ತವರಿಗೆ ಬಂದಿದ್ದ ಸಾವ್ಕಾರ್ತಿಯ ಮಗಳೂ ಸೇರಿ, ಇಡೀ ಮನೆ ನಮ್ಮ ಪಡಸಾಲೆಯಲ್ಲಿತ್ತು. ಅಡಿಗೆಮನೆಯ ಕಟ್ಟೆಯ ಮೇಲೆ ಮಾತ್ರ, ಯಾರೂ ಇಡದ ಒಂದು ಬೋಗುಣಿ ಬಂದು ಕೂತಿತ್ತು.

ರವಿವಾರ ಮಧ್ಯಾಹ್ನ ಸಾವ್ಕಾರರು ಎಲ್ಲರನ್ನೂ ಕಾಕು ಪಡಸಾಲೆಗೆ ಕರೆದುಕೊಂಡು ಬಂದರು. "ಎಲ್ಲಾರೂ ಕುಂದರ್ರಿ" ಎಂದರು. ತಾವು ಕೂರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಮುಚ್ಚಿದ ಟೀವಿಯ ಮುಂದೆ ಆ ಕಡೆಯಿಂದ ಈ ಕಡೆ ತಿರುಗಾಡತೊಡಗಿದರು. ನಗು ಬರಬೇಕಾದ ದೃಶ್ಯ. ಒಬ್ಬರೂ ನಗಲಿಲ್ಲ. ಕಂಡಕ್ಟರ್ ತಲೆ ತಗ್ಗಿಸಿ ನೆಲದ ಮೇಲೆ ಬೆರಳಾಡಿಸುತ್ತಿದ್ದ. ನನಗೆ ಇನ್ನೂ ತಿಳಿದಿರಲಿಲ್ಲ. ಸಾವ್ಕಾರರು ನಿಂತು ನನ್ನ ಕಡೆ ತಿರುಗಿದಾಗ ತಿಳಿಯಿತು.

"ಅಕ್ಕಾರ, ಆ ದಿನಾ ನೀವು ಟೀವಿ ನೋಡಾಕ ತಡಾ ಮಾಡಿ ಬಂದ್ರಿ. ಹೌದಿಲ್ಲೊ?"

"ಹೌದ್ರಿ. ಬೋಗುಣಿ ಕೊಡಲಿಕ್ಕೆ ನಿಮ್ಮ ಮನೆಗೆ ಹೋಗಿದ್ದೆ."

"ಯಾರ ಕೈಯಾಗ ಕೊಟ್ರಿ?"

"ಯಾರೂ ಇರಲಿಲ್ಲ."

"ಯಾರೂ ಇರಲಿಲ್ಲ" ಎಂದು ಅವರು ನಿಧಾನವಾಗಿ ನನ್ನ ಮಾತನ್ನೇ ತಿರುಗಿ ಹೇಳಿದರು. ನನ್ನ ಬಾಯಿಂದ ಇಂಗ್ಲಿಷ್ ಹೊರಟಿತು, ಹೆದರಿದಾಗ ನನಗೆ ಬರುವುದು ಅದೇ. "ದಿಸ್ ಈಸ್ ಅಬ್ಸರ್ಡ್!" ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀವಿಯ ಆ ಟೀಚರ್ ಸಿಕ್ಕಿಬಿದ್ದಾಗ ಹೀಗೆಯೇ ಇಂಗ್ಲಿಷಿನಲ್ಲಿ ಸಿಡಿದಿದ್ದಳು.

"ಅಕ್ಕಾರ ಟ್ರಂಕ್ ತಗಸಿ ನೋಡೂನು. ಏನೂ ಇರ್ಲಿಲ್ಲಂದ್ರ ಮಾತ ಮುಗೀತು" ಎಂದರು ಸಾವ್ಕಾರರು.

ಮಾತು ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ನಮ್ಮ ಹೈಸ್ಕೂಲಿನ ಕಮಿಟಿಯಲ್ಲಿದ್ದವರು. ಟ್ರಂಕಿನಲ್ಲಿ ಏನೂ ಸಿಗದಿದ್ದರೂ, ನಾಳೆಯಿಂದ ನಾನು ಟ್ರಂಕ್ ತೆಗೆಸಿಕೊಂಡ ಅಕ್ಕಾರು. ಅಂಥವಳ ಮುಂದೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಬೆಳಗಾವಿಯಲ್ಲಿ ನನಗೆ ತಿರುಗಿ ಹೋಗಲು ಮನೆ ಉಳಿದಿರಲಿಲ್ಲ. ಆದರೂ ಕಾನ್ವೆಂಟಿನ ಸೊಕ್ಕು ನೋಡಿ, ಎದ್ದು ಹೋಗಿ ಖಾಕಿ ಗವಸು ಹಾಕಿದ ಟ್ರಂಕನ್ನು ನಾನೇ ಪಡಸಾಲೆಗೆ ಎಳೆದುಕೊಂಡು ಬಂದೆ.

"ತಡಿ" ಎಂದರು ಕಾಕು.

ಅಲ್ಲಿಯವರೆಗೆ ಅವರು ತೂಗುಮಂಚದ ಮೇಲೆ ಸುಮ್ಮನೆ ಕೂತಿದ್ದರು. ಈಗ ಎಲ್ಲರೂ ಅವರತ್ತ ನೋಡಿದರು. ಇಷ್ಟು ಖೂನಿ ಓದಿದವರು, ಈಗ ಹೆಸರು ಹೇಳುತ್ತಾರೆ ಎಂದು ಎಲ್ಲರಿಗೂ ಅನ್ನಿಸಿತು. ನನಗಂತೂ ಅವರು ಹೇಳಿಯೇ ಹೇಳುತ್ತಾರೆ ಎನ್ನಿಸಿತ್ತು.

ಕಾಕು ಹೆಸರು ಹೇಳಲಿಲ್ಲ. ಹೆಗಲ ಮೇಲಿನ ಸೂಜಿ ತೆಗೆದು, ಉದ್ದನೆಯ ದಾರ ಪೋಣಿಸಿ, ಮೊಣಕಾಲೂರಿ ನೆಲಕ್ಕೆ ಕೂತು, ನನ್ನ ಟ್ರಂಕಿನ ಗವಸಿನ ಬಾಯಿಯನ್ನು ಹೊಲಿಯಲು ಶುರು ಮಾಡಿದರು. ಕೊನೆಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, "ಇದನ್ನ ಬಿಚ್ಚೂ ಕತ್ರಿ ನನ್ನ ಹಂತ್ಯಾಕ ಇರತದ" ಎಂದರು.

"ಕಾಕು, ಇದು ಪುಸ್ತಕ ಅಲ್ರಿ" ಎಂದರು ಸಾವ್ಕಾರರು. ಅವರ ದನಿ ಗಡಸಾಗಿತ್ತು.

"ಅದಕ್ಕ ಹೊಲದೀನಿ. ಪುಸ್ತಕದಾಗ ತಪ್ಪು ಹೆಸರು ಹೇಳಿದ್ರ ಯಾರದೂ ಏನೂ ಹೋಗೂದಿಲ್ಲ." ಆಮೇಲೆ ಸಾವ್ಕಾರ್ತಿಯ ಸೊಸೆಯ ಕಡೆ ತಿರುಗಿದರು. "ಮೊದಲನೇ ಪುಟಕ್ಕ ಹೋಗೂಣು. ಝುಮಕಿ ನಿನ್ನ ಕಿವಿಯಿಂದ ಯಾರ ಕೈಗೆ ಬಂದವು?"

"ಕಿವಿ ಬಾತಿತ್ತರಿ. ಅತ್ತ್ಯಾರ ಕೈಯಾಗ ಕೊಟ್ಟೆ."

"ನಾ ಅರಿವ್ಯಾಗ ಸುತ್ತಿ ಕಪಾಟದಾಗ ಇಟ್ಟೇನಿ. ದೇವರ ಆಣಿ" ಎಂದರು ಸಾವ್ಕಾರ್ತಿ.

"ಅವತ್ತ ಇಟ್ಟದ್ದು ನೆನಪದನೊ, ದಿನಾ ಅಲ್ಲೇ ಇಡತೀ ಅನ್ನೂದು ನೆನಪದನೊ?"

ಸಾವ್ಕಾರ್ತಿಯ ಮುಖ ಕೆಂಪಾಯಿತು. "ನನಗ ಅರಳುಮರಳು ಅಂತೀರೇನ್ರಿ ಕಾಕು? ಮನಿ ಬಂಗಾರ ಹೋಗಿ ನಾವ ಅಳಾಕತ್ತೇವಿ, ನೀವು ನಮ್ಮನ್ನ ಕಟಕಟ್ಯಾಗ ನಿಲ್ಲಸ್ತೀರಿ!" ಎಂದು ಸೆರಗು ಕೊಡವಿ ಎದ್ದು ನಡೆದರು. ಎಲ್ಲರೂ ಎದ್ದರು. ಸಾವ್ಕಾರರು ಹೊಸ್ತಿಲಲ್ಲಿ ನಿಂತು, "ಬರೂ ರವಿವಾರತನಕಾ ನೋಡ್ತೇನಿ. ಆಮ್ಯಾಲೆ ಫೌಜದಾರ ಬಂದು ಆ ದಾರ ಕತ್ತರಸ್ತಾರ" ಎಂದು ಹೇಳಿ ಹೋದರು.

ಆ ವಾರವನ್ನು ನಾನು ಹೇಗೆ ಕಳೆದೆ ಎಂದು ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಸೋಮವಾರ ಹೆಡ್‌ಮಾಸ್ತರರು ಸ್ಟಾಫ್ ರೂಮಿನ ಹೊರಗೆ ನಿಲ್ಲಿಸಿ, ಮುಖ ನೋಡದೆ, "ಒಂದೀಟು ದಿನಾ ರಜಾ ಹಾಕ್ರಿ ಮೇಡಂ, ನಿಮಗೂ ಛಲೋ, ಸಾಲಿಗೂ ಛಲೋ" ಎಂದರು. ನಳದ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸಿ ಕೊಡ ಸರಿಸಿಕೊಳ್ಳುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಸೀರೆಗಳೆಲ್ಲ ಟ್ರಂಕಿನೊಳಗೆ ಹೊಲಿಸಿಕೊಂಡು ಕೂತಿದ್ದರಿಂದ ಕಾಕು ತಮ್ಮ ಎರಡು ಸೀರೆ ತಂದು ನನ್ನ ಹಗ್ಗದ ಮೇಲೆ ಹಾಕಿದರು. ಮುಂಜಾನೆಯಿಂದ ದೀಪ ಹಚ್ಚುವವರೆಗೆ ಅವರು ನನ್ನ ಖೋಲಿಗೆ ಹೋಗುವ ದಾರಿಯಲ್ಲಿ ಚಾಪೆ ಹಾಸಿಕೊಂಡು ಕೂತು ಓದುತ್ತಿದ್ದರು. ಅವರನ್ನು ದಾಟದೆ ಯಾರೂ ಒಳಗೆ ಬರುವಂತಿರಲಿಲ್ಲ. ನಾನೂ ಹೊರಗೆ ಹೋಗುವಂತಿರಲಿಲ್ಲ, ಎಂದು ಹೊಳೆದದ್ದು ಬುಧವಾರ.

ಅಂದು ಊಟಕ್ಕೆ ಕೂತಾಗ ಕೇಳಿಬಿಟ್ಟೆ. "ಕಾಕು, ನಿಮಗ ನನ್ನ ಮ್ಯಾಲೆ ಸಂಶಯ ಇಲ್ಲ ಹೌದಲ್ರಿ?"

ಕಾಕು ತಾಟಿಗೆ ಸಾರು ಬಡಿಸುತ್ತಿದ್ದರು. ಕೈ ನಿಲ್ಲಲಿಲ್ಲ. "ಅದ" ಎಂದರು.

ನಾನು ಎತ್ತಿದ ತುತ್ತನ್ನು ತಿರುಗಿ ತಾಟಿಗೆ ಇಟ್ಟೆ.

"ಎಲ್ಲಾರ ಮ್ಯಾಲೂ ಅದ. ಹೊಲಿಗಿ ಬಿಚ್ಚೂತನಕಾ ಎಲ್ಲಾರ ಮ್ಯಾಲೂ ಇರಬೇಕು. ನಿನ್ನ ಮ್ಯಾಲೆ, ಸಾವ್ಕಾರ್ತಿ ಮ್ಯಾಲೆ, ಆ ಕಂಡಕ್ಟರನ ಮ್ಯಾಲೆ, ನನ್ನ ಮ್ಯಾಲೂ. ಅದಕ್ಕ ಒಬ್ಬಾಕಿನ್ನ ಹಿಡದು ಹೊರಗ ಹಾಕಲಿಕ್ಕೆ ನಾ ಬಿಡೂದಿಲ್ಲ. ಉಣ್ಣು."

ನಾನು ಉಣ್ಣಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಓಣಿಯವರೆಲ್ಲ ಕೂಡಿ ಆಡದ ಮಾತನ್ನು ನನ್ನ ಪಾಲಿಗೆ ಉಳಿದಿದ್ದ ಒಬ್ಬರು ಆಡಿದ್ದರು. ನನ್ನನ್ನು ನಂಬುತ್ತೇನೆ ಎಂದು ಬಾಯಿಮಾತಿಗಾದರೂ ಹೇಳಬಾರದಿತ್ತೇ? ಬಾಗಿಲ ಸಂದಿಯಿಂದ ನೋಡಿದರೆ ಕಾಕು ಮತ್ತೆ ಚಾಪೆಯ ಮೇಲೆ, ಪುಸ್ತಕ ತೆರೆದುಕೊಂಡು ಕೂತಿದ್ದರು. ತುಂಬ ಹೊತ್ತು ನೋಡಿದೆ. ಅವರು ಒಂದು ಹಾಳೆಯನ್ನೂ ತಿರುವಲಿಲ್ಲ.

ಶನಿವಾರದ ಹೊತ್ತಿಗೆ ನಾನು ಸೋತಿದ್ದೆ. ದಾರ ಕತ್ತರಿಸಿಬಿಡ್ರಿ, ನೋಡಲಿ, ಆಮೇಲೆ ಎಲ್ಲಿಗಾದರೂ ಹೋಗುತ್ತೇನೆ, ಎಂದು ಕಾಕು ಮುಂದೆ ಕೈ ಚಾಚಿ ನಿಂತೆ. ಅವರು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಗೆಮನೆಗೆ ಹೋದರು. ನಾನು ಹಿಂದೆಯೇ ಹೋದೆ. ಆಗ ಪಕ್ಕದ ಮನೆಯಿಂದ ಒಂದು ಕೂಗು ಬಂತು. ಸಾವ್ಕಾರ್ತಿಯ ಕೂಗು. ನಾವಿಬ್ಬರೂ ಬೆಂಕಿ ಬಿದ್ದಿತೆಂದೇ ಹಿತ್ತಲಿಗೆ ಓಡಿದೆವು.

ಗೊಳಸಂಗಿಗೆ ಕೊಟ್ಟ ಸಾವ್ಕಾರ್ತಿಯ ಮಗಳ ಗಂಡ ಬಾಗೇವಾಡಿಯ ಮೇಲಿನಿಂದ ಬಸ್ಸು ಹಿಡಿದು ಬಂದಿದ್ದ. ಅವನ ಅಂಗೈಯ ಮೇಲೆ, ಬಿಳಿ ಅರಿವೆಯ ಚೂರಿನಲ್ಲಿ, ಎರಡು ಝುಮಕಿ.

ಆದದ್ದು ಇಷ್ಟು. ನಮ್ಮದು ಜೋಳದ ಸೀಮೆ. ರೊಟ್ಟಿಯ ಮನೆಗಳಲ್ಲಿ ಅಕ್ಕಿ ಡಬ್ಬಿಯನ್ನು ದಿನಾ ತೆಗೆಯುವುದಿಲ್ಲ. ಹಬ್ಬಕ್ಕೆ, ಬೀಗರಿಗೆ, ಇಲ್ಲವೇ ಹೆಣ್ಣುಮಕ್ಕಳ ಉಡಿ ತುಂಬಲು ತೆಗೆಯುತ್ತಾರೆ. ಅದಕ್ಕೇ ಗಡಿಬಿಡಿಯಲ್ಲಿ ಸಣ್ಣ ಬಂಗಾರವನ್ನು ಅದರೊಳಗೆ ತುರುಕಿಡುವುದು ಇಲ್ಲಿನ ಹೆಂಗಸರ ರೂಢಿ. ಆ ಸಂಜೆ ಮಾಲಿಕೆಯ ಬಾಜಾ ಕೇಳಿಸಿದ್ದೇ ಸಾವ್ಕಾರ್ತಿ ಕಪಾಟಿನ ಕೀಲಿ ಹುಡುಕುವ ಗೋಜಿಗೆ ಹೋಗದೆ ಗಂಟನ್ನು ಅಕ್ಕಿಯೊಳಗೆ ಒತ್ತಿ ಓಡಿ ಬಂದಿದ್ದರು. ಮರುದಿನ ಮುಂಜಾನೆ ಮಗಳು ಗಂಡನ ಮನೆಗೆ ಹೊರಟು ನಿಂತಳು. ಮೊದಲೇ ಪೊರೆ ಬಂದ ಕಣ್ಣು, ಅದರ ಮೇಲೆ ಮಗಳನ್ನು ಕಳಿಸುವ ನೀರು. ಕೊಬ್ಬರಿ ಬಟ್ಟಲು, ಅರಿಷಿಣದ ಬೇರಿನ ಜೊತೆ ಬೊಗಸೆ ಬೊಗಸೆ ಅಕ್ಕಿ ಹಾಕಿ ಉಡಿ ತುಂಬಿದರು. ಝುಮಕಿ ಮಗಳ ಸೆರಗಿನಲ್ಲಿ ಗಂಟು ಕಟ್ಟಿಸಿಕೊಂಡು ಗೊಳಸಂಗಿಗೆ ಹೋಯಿತು. ಶುಕ್ರವಾರ ಆಕೆ ನೈವೇದ್ಯಕ್ಕೆಂದು ಉಡಿಯ ಅಕ್ಕಿಯನ್ನು ಮೊರಕ್ಕೆ ಸುರಿದು ಹರಳು ಆರಿಸುವಾಗ ಗಂಟು ಸಿಕ್ಕಿತು.

ಹಿತ್ತಲಿನಿಂದ ಒಳಗೆ ಬಂದ ಕಾಕು ಸ್ಟೋವ್ ಹಚ್ಚಿ ರವೆ ಹುರಿಯತೊಡಗಿದರು. ಶಿರಾ ಆದ ಮೇಲೆ ಪಕ್ಕದ ಮನೆಗೆ ಹೋಗಿ, ಸಾವ್ಕಾರ್ತಿಯನ್ನು ಕೈ ಹಿಡಿದು ಕರೆತಂದು ಪಡಸಾಲೆಯಲ್ಲಿ ಕೂಡಿಸಿದರು. ಆಕೆ ನನ್ನ ಕಡೆ ನೋಡಲಾರದೆ ಮುಖಕ್ಕೆ ಸೆರಗು ಒತ್ತಿಕೊಂಡಿದ್ದರು.

"ತಪ್ಪಾತಲ್ಲ? ತಿನ್ನು" ಎಂದು ಕಾಕು ಶಿರಾ ತುಂಬಿದ ವಾಟಿ ಮುಂದಿಟ್ಟರು.

"ಹ್ಯಾಂಗ ತಿನ್ನಲ್ರಿ ಕಾಕು... ಈ ತಾಯಿ ಮಾರಿ ನೋಡಿ ಹ್ಯಾಂಗ ತಿನ್ನಲಿ..."

"ಹಂಗ ತಿನ್ನಬೇಕು. ಮಾರಿ ನೋಡಿಕೋತನ ತಿನ್ನಬೇಕು."

ಸಾವ್ಕಾರ್ತಿ ಸೆರಗು ಸರಿಸಿ, ನನ್ನ ಮುಖ ನೋಡಿ, ಅಳುತ್ತ ತಿಂದರು. ಸಾವ್ಕಾರರು ಹೊಸ್ತಿಲ ಆಚೆಯೇ ನಿಂತಿದ್ದರು. "ಅಕ್ಕಾರ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಸೋಮವಾರದಿಂದ ಸಾಲಿಗೆ ಬರ್ರಿ" ಎಂದರು. ಕಾಕು ವಾಟಿ ಚಾಚಿದರೆ, "ನನಗ ಸಕ್ಕರಿ ಬ್ಯಾನಿ ಐತ್ರಿ" ಎಂದು ತಿರುಗಿ ನಡೆದರು. ಅವರು ಬೆಲ್ಲದ ಚಹಾ ಕುಡಿಯುವುದನ್ನು ನಾವೆಲ್ಲ ದಿನವೂ ನೋಡುತ್ತಿದ್ದೆವು.

ಎಲ್ಲರೂ ಹೋದ ಮೇಲೆ ಕಾಕು ತಮಗೂ ಒಂದು ವಾಟಿ ತುಂಬ ಬಡಿಸಿಕೊಂಡರು.

"ನಿಮಗ್ಯಾಕ್ರಿ ಕಾಕು?" ಎಂದೆ.

"ನಾನೂ ಒಂದು ಹೆಸರು ಹಿಡಕೊಂಡಿದ್ದೆ. ತಪ್ಪಾತು."

"ಯಾರದು?"

ಕಾಕು ಶಿರಾ ಬಾಯಿಗಿಟ್ಟುಕೊಂಡು ನಿಧಾನವಾಗಿ ನುಂಗಿದರು. "ಆ ಹೊಲಿಗಿ ಬಿಚ್ಚೂದಿಲ್ಲ, ಹುಡುಗಿ." ಆಮೇಲೆ ಸೊಂಟದ ಕತ್ತರಿ ತೆಗೆದು ನನ್ನ ಕೈಗಿಟ್ಟರು. "ನಿನ್ನ ಟ್ರಂಕ್ ನೀನ ಬಿಚ್ಚಿಕೋ." ನಾನು ದಾರ ಕತ್ತರಿಸುವ ಮೊದಲೇ ಹೊರಗೆ ಹೋಗಿ, ತಮ್ಮ ಬೆನ್ನ ಹಿಂದೆ ಬಾಗಿಲು ಎಳೆದುಕೊಂಡರು. ಅದರೊಳಗೆ ಏನಿತ್ತೆಂದು ಮುಂದೆಯೂ ಕೇಳಲಿಲ್ಲ. ನನ್ನ ಸೀರೆಗಳಿದ್ದವು, ಎಲೊಕ್ಯೂಶನ್‌ನಲ್ಲಿ ಗೆದ್ದ ಒಂದು ಮೆಡಲ್ ಇತ್ತು, ಅಷ್ಟೇ.

ರಿಟೈರ್ ಆಗುವವರೆಗೆ ನಾನು ಆ ಮನೆ ಬಿಡಲಿಲ್ಲ. ಕೇಬಲ್ ಬಂತು, ಇಂಗ್ಲಿಷ್ ಮಾಲಿಕೆಗಳು ಬಂದವು. ಹೊಸ ಟೀವಿಗೆ ಶಟರ್ ಇರಲಿಲ್ಲವಾದ್ದರಿಂದ ಕಾಕು ಪಂಜೆ ಹಾಕಿ ಮುಚ್ಚುತ್ತಿದ್ದರು. ಪಡಸಾಲೆ ಮೊದಲಿನಷ್ಟು ತುಂಬುತ್ತಿರಲಿಲ್ಲ. ಪ್ರತಿ ಮನೆಗೂ ಟೀವಿ ಬಂದಿತ್ತು. ಸಾವ್ಕಾರ್ತಿ ಮಾತ್ರ ಬರುತ್ತಿದ್ದರು. ಹೆಸರು ಹೇಳಿರಿ ಎಂದರೆ "ನನಗ ಗೊತ್ತಿಲ್ರಿ, ಮುಂದ ನೋಡೂನು" ಎನ್ನುತ್ತಿದ್ದರು. ಕಾಕುಗೆ ಆ ಉತ್ತರ ಬಹಳ ಹಿಡಿಸುತ್ತಿತ್ತು.

ಈಗಿನ ಟೀವಿಯನ್ನು ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೂ ಒಯ್ಯಬಹುದು. ಕಾಕು ಇದ್ದಿದ್ದರೆ ರಿಮೋಟನ್ನು ಕೈಯಿಂದ ಬಿಡುತ್ತಿರಲಿಲ್ಲ. ಟೀವಿಯ ಮೇಲಿನ ಅವರ ಮುಖ್ಯ ತಕರಾರು ತೀರಿಹೋಗಿದೆ. ಆದರೂ ನನಗೆ ಇವತ್ತಿಗೂ ಡ್ರಾಯಿಂಗ್ ರೂಮಿನ ಆ ದೃಶ್ಯವನ್ನು ನೋಡಲು ಆಗುವುದಿಲ್ಲ. ಎಷ್ಟು ಎಲಿಗಂಟ್ ಆಗಿ ತೆಗೆದಿರಲಿ, ಬೆರಳು ಎದ್ದ ಕೂಡಲೇ ಎದ್ದು ನೀರು ಕುಡಿಯಲು ಹೋಗುತ್ತೇನೆ. ಓದುವುದಾದರೆ ಓದುತ್ತೇನೆ. ಪುಟದ ಮೇಲೆ ಆ ಬೆರಳಿಗೆ ಉಗುರು ಇರುವುದಿಲ್ಲ.

ಕೊನೆಯ ಎರಡು ವರ್ಷ ಕಾಕುಗೆ ಕಣ್ಣು ಪೂರ್ತಿ ಹೋಗಿತ್ತು. ಸೂಜಿ ನನ್ನ ಹೆಗಲಿಗೆ ಬಂತು. ಸಂಜೆ ಹೊತ್ತು ನಾನು ಇಂಗ್ಲಿಷ್ ಪುಸ್ತಕ ಹಿಡಿದು ಅಲ್ಲೇ ಕನ್ನಡ ಮಾಡುತ್ತ ಓದುತ್ತಿದ್ದೆ. ಕೊನೆಯದಾಗಿ ಓದಿದ್ದು ಒಂದು ಆಸ್ಪತ್ರೆಯ ಖೂನಿ. ಹೊಲಿಗೆಯವರೆಗೆ ಬಂದು ನಿಲ್ಲಿಸಿ, "ಯಾರ್ರಿ ಕಾಕು?" ಎಂದೆ. ಅವರು ಕಾಣದ ಕಣ್ಣು ಜಂತಿಗೆ ನೆಟ್ಟು, "ಡಾಕ್ಟರ. ಬರಕೋ" ಎಂದರು.

"ಬಿಚ್ಚಲೇನ್ರಿ?"

"ಇವತ್ತ ಬ್ಯಾಡ. ಒಂದು ದಿನಾ ಎಲ್ಲಾರೂ ಹಂಗ ಇರಲಿ."

ಆಗ ನನಗೆ ಇನ್ನೊಂದು ಹೊಲಿಗೆಯನ್ನೂ ಬಿಚ್ಚಿಸಿಕೊಳ್ಳಬೇಕೆನಿಸಿತು. ಅವತ್ತು ನೀವು ಹಿಡಿದಿದ್ದ ಹೆಸರು ನನ್ನದೇನ್ರಿ ಎಂದು ಕೇಳಬೇಕೆನಿಸಿತು. ನಾಲಿಗೆಯವರೆಗೆ ಬಂತು. ಅವರ ಹಿಡಿತುಂಬದ ಕೈ ನನ್ನ ಕೈಯೊಳಗಿತ್ತು. ನಾನು ಕೇಳಲಿಲ್ಲ. ನನ್ನದೇ ಆಗಿದ್ದರೆ ಅವರು ಮಾಡಿದ್ದು ಇನ್ನೂ ದೊಡ್ಡದು. ಸಂಶಯವನ್ನು ಹೆಗಲ ಮೇಲೆ ಇಟ್ಟುಕೊಂಡೇ ನನ್ನ ಬಾಗಿಲು ಕಾದಿದ್ದರು ಎಂದಾಯಿತು.

ಎರಡು ದಿನ ಬಿಟ್ಟು, ಮುಂಜಾನೆ ಚಹಾ ತೆಗೆದುಕೊಂಡು ಹೋದಾಗ, ಕಾಕು ಇರಲಿಲ್ಲ.

ಕರ್ಮಗಳೆಲ್ಲ ಮುಗಿದು, ಬಂದ ಬಂಧುಗಳು ಊರು ಸೇರಿದ ಮೇಲೆ, ಒಂದು ಮಧ್ಯಾಹ್ನ ನಾನು ತೂಗುಮಂಚದ ಮೇಲೆ ಕೂತು ಅವರ ಕತ್ತರಿಯಿಂದ ಆ ಪುಸ್ತಕದ ದಾರ ಕತ್ತರಿಸಿದೆ. ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಕನ್ನಡ ಮಾಡುತ್ತಲೇ ಓದಿದೆ.

ಡಾಕ್ಟರ್ ಅಲ್ಲ. ಡಾಕ್ಟರ್ ಪಾಪ, ಏನೂ ಮಾಡಿರಲಿಲ್ಲ.

"ಕಾಕು, ತಪ್ಪಾತ್ರಿ" ಎಂದೆ ಖಾಲಿ ಪಡಸಾಲೆಗೆ. "ಪೂರಾ ತಪ್ಪಾತು."

ಎದ್ದು ಹೋಗಿ ರವೆ ಹುರಿದೆ.